ಸವಾರನಿಲ್ಲದ ಬೆಳ್ಳಿ ಕುದುರೆ

ನನ್ನ ಬೆಳ್ಳಿ ನಾಣ್ಯಗಳನ್ನು ನೋಡಿದವರೆಲ್ಲ ಮೊದಲು ಕೇಳುವುದು ತೂಕ. ಚಿತ್ರ ಯಾರಿಗೂ ಬೇಡ. ನಾರಾಯಣಪೇಟೆಯ ನಮ್ಮ ಶಾಲೆಯ ಬೇರೆ ಟೀಚರುಗಳೂ ಅಷ್ಟೇ. ಕರಗಿಸಿದರೆ ಒಂದು ಜೊತೆ ಕಾಲುಚೈನು ಆಗುತ್ತದಲ್ಲ ಎಂದು ಒಬ್ಬರು ಹೇಳಿದಾಗ ಮೈಯೆಲ್ಲ ಉರಿದುಹೋಯಿತು. ಆನೆ ಯಾಕೆ ಸೊಂಡಿಲೆತ್ತಿದೆ, ಲಕ್ಷ್ಮಿ ಯಾಕೆ ನಿಲ್ಲದೆ ಕೂತಿದ್ದಾಳೆ, ಗೂಬೆ ಎಲ್ಲಿ ಅಪಶಕುನ, ಎಲ್ಲಿ ಜಾಣತನದ ಗುರುತು, ಇದನ್ನೆಲ್ಲ ಓದಿಕೊಂಡವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು. ಇತ್ತು ಎಂದೇ ಹೇಳುತ್ತೇನೆ.

ಜಂಬದ ಜೊತೆಗೆ ಚಡಪಡಿಕೆ. ಒಂದೊಂದು ನಾಣ್ಯಕ್ಕೂ ಒಂದು ಪ್ಲಾಸ್ಟಿಕ್ ಡಬ್ಬಿ, ಎಲ್ಲಕ್ಕೂ ಸೇರಿ ಕುಳಿಗಳಿರುವ ಮರದ ಪೆಟ್ಟಿಗೆ. ಬೆರಳು ತಾಗಿದರೆ ಕಲೆಯಾಗುತ್ತದೆಂದು ಬಟ್ಟೆಯ ಕೈಗವಸು ಹಾಕಿಕೊಂಡೇ ಮುಟ್ಟುತ್ತಿದ್ದೆ. ಅನ್ನಕ್ಕಿಟ್ಟು ಬಂದು ಒಮ್ಮೆ ತೆರೆದು ನೋಡುವುದು, ಕುಕ್ಕರ್ ಕೂಗಿದ ಮೇಲೆ ಇನ್ನೊಮ್ಮೆ. ಬೀಗ ಹಾಕಿದರೂ ಸಮಾಧಾನವಿಲ್ಲ. ದಸರಾ ರಜೆಗೆ ಮಕ್ತಲ್‌ಗೆ ಅವ್ವನ ಮನೆಗೆ ಹೋದಾಗಲೂ ಪೆಟ್ಟಿಗೆ ಸೀರೆಗಳ ನಡುವೆ ಬ್ಯಾಗಿನಲ್ಲೇ ಇತ್ತು.

ಅವ್ವ ಮಾತ್ರ ತೂಕ ಕೇಳಲಿಲ್ಲ. ಕುದುರೆಯ ನಾಣ್ಯವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅದು ಗದ್ವಾಲದ ಬೆಳ್ಳಿ ಅಂಗಡಿಯವರಿಗೆ ಎರಡು ವರ್ಷ ದುಂಬಾಲು ಬಿದ್ದು ತರಿಸಿಕೊಂಡ ಪರದೇಶದ ನಾಣ್ಯ. ಒಂದು ಕಡೆ ಯಾರೋ ರಾಜನ ಮುಖ, ಇನ್ನೊಂದು ಕಡೆ ಜೂಲು ಹಾರಿಸಿಕೊಂಡು ಓಡುವ ಕುದುರೆ. ಕಡಿವಾಣವಿಲ್ಲದ ಓಟ ಸ್ವಾತಂತ್ರ್ಯದ ಸಂಕೇತ ಎಂದು ನಾನು ಪಾಠ ಒಪ್ಪಿಸಿದೆ. ಅವ್ವ ಹೂಂ ಅಂದಳು.

ನಾರಾಯಣಪೇಟೆಗೆ ವಾಪಸಾಗಿ ಪೆಟ್ಟಿಗೆ ತೆರೆದರೆ ಕುದುರೆಯ ಡಬ್ಬಿ ಖಾಲಿ. ಫೋನ್ ಮಾಡಿದರೆ ಅವ್ವ ಮುಚ್ಚಿಡಲೂ ಇಲ್ಲ. ಹೌದು, ನಾನೇ ತೆಗೆದುಕೊಂಡಿದ್ದು, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿ ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ ಎಂದಳು. ಹುಣಸೆಹಣ್ಣು! ಬೂದಿ! ಮರುದಿನ ಶಾಲೆಗೆ ರಜೆ ಚೀಟಿ ಕಳಿಸಿ ಮೊದಲ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡೆ. ಬಸ್ಸು ನಿಂತಲ್ಲೆಲ್ಲ ನಾನೂ ಎದ್ದು ನಿಲ್ಲುತ್ತಿದ್ದೆ.

ಜಗಲಿಯ ಮೇಲೆ ರಾಜನ ಮುಖ ಕೆಳಗೆ, ಕುದುರೆ ಮೇಲೆ. ಮೈತುಂಬ ಗೀರು, ಜೂಲಿನ ಸಂದಿಯಲ್ಲೆಲ್ಲ ಭಂಡಾರದ ಅರಿಶಿನ. ನಾನು ಕೂಗಾಡಿದೆ. ಇದು ನಿನ್ನ ಮನೆದೇವರು ಮೈಲಾರನ ಕುದುರೆಯಲ್ಲ ಎಂದೆ. ಅವ್ವ ನನ್ನ ಮಾತು ಮುಗಿಯಲೆಂದು ಕಾದಳು.

"ಕುದುರಿ ಮ್ಯಾಲ ಯಾರರ ಕುಂತಾರೇನು ನೋಡು," ಅಂದಳು. "ಖಾಲಿ ಐತಿ. ಅಂದ್ರ ನಮ್ಮಪ್ಪ ಮೈಲಾರ ಇಳದು ಮನಿಯಾಗ ಬಂದಾನ."

ಮನೆ ಪಾಲಾದಾಗ ಮೈಲಾರನ ಬೆಳ್ಳಿ ಮೂರ್ತಿ, ಕುದುರೆ ಏರಿದ್ದು, ರೂಢಿಯಂತೆ ದೊಡ್ಡಪ್ಪನ ಮನೆಗೆ ಹೋಗಿತ್ತು. ಆಗಿನಿಂದ ಅವ್ವನ ಜಗಲಿಯ ನಡುವಿನ ಜಾಗ ಖಾಲಿ. ಪ್ರತಿ ಭಾನುವಾರ ಅವಳು ಬರೀ ಹಲಗೆಗೆ ಭಂಡಾರ ಹಚ್ಚುತ್ತಿದ್ದಳು. ಹದಿನೈದು ವರ್ಷ ಅದನ್ನು ನಾನೂ ನೋಡಿದ್ದೆ. ನೋಡಿಯೂ ಏನೂ ಓದಿರಲಿಲ್ಲ.

ಆದರೂ ಜೊತೆಗೆ ತಂದಿದ್ದ ಖಾಲಿ ಡಬ್ಬಿ ತೆರೆದು ಮುಂದೆ ಹಿಡಿದೆ; ಹಟ ಅಷ್ಟು ಬೇಗ ಇಳಿಯುತ್ತದೆಯೇ? ಅವ್ವ ನಾಣ್ಯವನ್ನು ಕಣ್ಣಿಗೊತ್ತಿಕೊಂಡು ತಾನೇ ಅದರಲ್ಲಿಟ್ಟಳು.

"ಒಯ್ಯವಾ, ನಿಂದ ಐತಿ," ಅಂದಳು. "ಆದ್ರ ಕುದುರಿ ಇಲ್ದ ಅವ ನಡಕೊಂತ ಹೋಗಬೇಕಾಗ್ತೈತಿ."

ಬಸ್ ಸ್ಟ್ಯಾಂಡಿನವರೆಗೆ ಹೋದೆ. ಬಸ್ಸು ಬಂತು, ಹತ್ತಲಾಗಲಿಲ್ಲ. ತಿರುಗಿ ಬಂದಾಗ ಅವ್ವ ಹೊಸ್ತಿಲಲ್ಲೇ ಕೂತಿದ್ದಳು; ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಕುದುರೆಯನ್ನು ಬರಿಗೈಯಲ್ಲಿ ಎತ್ತಿ ಹಲಗೆಯ ಮೇಲಿಟ್ಟೆ, ರಾಜನ ಮುಖ ಕೆಳಗೆ ಮಾಡಿ. ಭಂಡಾರ ನಾನೇ ಹಚ್ಚಿದೆ.