ಭಾನುವಾರದ ಅಮಾವಾಸ್ಯೆ

ನಮ್ಮ ಒಕ್ಕೂಟಕ್ಕೆ ಸರ್ಕಾರದ ಗುತ್ತಿಗೆ ಸಿಕ್ಕ ಸುದ್ದಿ ಬಂದದ್ದು ಒಂದು ಗುರುವಾರ. ನಾನು ಡೈರಿಯಲ್ಲಿ ಬರೆದುಕೊಂಡಿದ್ದೇನೆ: ಬೆಳಿಗ್ಗೆ ಫೋನು, ಮಧ್ಯಾಹ್ನ ಪೇಡೆ, ಸಂಜೆ ಕರೆಂಟಿಲ್ಲ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ, ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಕಚೇರಿ ಇತ್ತು. ಕಿಟಕಿ ತೆರೆದರೆ ಅದಿರು ಲಾರಿಗಳ ಕೆಂಪು ಧೂಳು ಒಳಗೆ ಬರುತ್ತಿತ್ತು, ಮುಚ್ಚಿದರೆ ಸೆಕೆ. ಅಂದು ತೆರೆದೇ ಇಟ್ಟು ಪೇಡೆ ತಿಂದೆವು.

ಮೂರು ಸಣ್ಣ ಸೇವಾ ಸಂಸ್ಥೆಗಳು ಸೇರಿ ಆದ ಒಕ್ಕೂಟ ಅದು. ಒಂದೊಂದೇ ಅರ್ಜಿ ಹಾಕಿದರೆ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಕೆಲಸವನ್ನು ಹೀಗೆ ಹಂಚಿಕೊಂಡಿದ್ದರು: ಸಂಡೂರಿನವರು ಗಣಿಗಳ ಸುತ್ತ ಅದಿರು ಒಡೆಯುವ, ಆರಿಸುವ ಜನರ ನಡುವೆ ಓಡಾಡಿ ಬೇರೆ ಕೆಲಸ ಬೇಕೆನ್ನುವವರನ್ನು ಗುರುತಿಸಬೇಕು. ಹೊಸಪೇಟೆಯವರು ತರಬೇತಿ ಕೊಡಬೇಕು. ಕಂಪ್ಲಿಯವರು ಅಕ್ಕಿ ಗಿರಣಿಗಳಲ್ಲಿ, ಅಂಗಡಿಗಳಲ್ಲಿ ಕೆಲಸ ಹುಡುಕಬೇಕು. ಕೆಲಸಕ್ಕೆ ಸೇರಿದವರು ಅಲ್ಲಿಯೇ ಆರು ತಿಂಗಳು ನಿಂತರೆ ಮಾತ್ರ ಅವರು ನಮ್ಮ ಲೆಕ್ಕಕ್ಕೆ ಬರುತ್ತಿದ್ದರು. ನಿಂತಿದ್ದಾರೋ ಇಲ್ಲವೋ ಎಂದು ಹೋಗಿ ನೋಡಿ ಬರುವುದು ನನ್ನ ಕೆಲಸ. ದಿನಾಂಕ, ವಾರ, ಹಾಜರಿ ಎಲ್ಲವನ್ನೂ ಗೆರೆ ಎಳೆದು ಬರೆಯುವ ಚಟ ನನಗೆ ಶಾಲೆಯಿಂದಲೇ ಇತ್ತು. ಅದಕ್ಕೇ ಆ ಕೆಲಸ ನನಗೆ ಬಂತು.

ಸಂಡೂರಿನ ತಂಡ ಕರೆತಂದವರಲ್ಲಿ ಒಬ್ಬ ಹೆಂಗಸಿದ್ದಳು. ಮೂವತ್ತರ ಆಸುಪಾಸು, ಗಂಡನಿಲ್ಲ. ಅದಿರಿನ ಧೂಳು ಅವಳ ಉಗುರಿನ ಸಂದಿಯಿಂದ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಅವಳಿಗೊಬ್ಬಳು ಮಗಳು. ಅಮ್ಮನ ಪಕ್ಕ ಕೂತು ಅದಿರು ಆರಿಸುತ್ತಿದ್ದ ಆ ಮಗುವನ್ನು ನಮ್ಮವರೇ ಟಿ.ಬಿ. ಡ್ಯಾಮಿನ ಹತ್ತಿರದ ಒಂದು ವಸತಿ ಶಾಲೆಗೆ ಸೇರಿಸಿದ್ದರು. ಅಲ್ಲಿ ಹೆತ್ತವರು ಮಕ್ಕಳನ್ನು ನೋಡಬಹುದಾದದ್ದು ಭಾನುವಾರ ಮಧ್ಯಾಹ್ನ ಮಾತ್ರ. ತರಬೇತಿಯಲ್ಲಿ ಉಳಿದ ಹೆಂಗಸರು ಪಗಾರ ಎಷ್ಟು, ಬಸ್ಸು ಎಲ್ಲಿಂದ ಎಂದು ಕೇಳುತ್ತಿದ್ದರೆ, ಅವಳು ಕೇಳಿದ್ದು ಒಂದೇ ಮಾತು.

“ರಜಾ ಐತೇನ್ರಿ ಅಲ್ಲಿ?”

“ಐತವ್ವಾ, ಐತಿ,” ಎಂದರು ನಮ್ಮವರು.

ಅವಳಿಗೆ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸವಾಯಿತು. ಬೇಯಿಸಿದ ಭತ್ತವನ್ನು ಅಂಗಳದಲ್ಲಿ ಹರವಿ, ಅದರ ನಡುವೆ ನಡೆಯುತ್ತ ಕಾಲಿನಿಂದಲೇ ಸಾಲು ಎಳೆದು ಒಣಗಿಸುವ ಕೆಲಸ. ಗಿರಣಿಯ ಹಿಂದೆಯೇ ಇರಲು ಒಂದು ಕೋಣೆ. ಮೊದಲ ಸಲ ನಾನು ನೋಡಲು ಹೋದಾಗ ಅವಳು ಭತ್ತದ ನಡುವೆ ನಿಂತಿದ್ದಳು. ಕಾಲು ಹಳದಿಯಾಗಿತ್ತು, ಕೆಂಪಲ್ಲ. ಅದನ್ನೇ ತೋರಿಸಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು.

“ತಮ್ಮಾ, ಇವರಿಗೆ ಐತಾರ ರಜಾ ಇಲ್ಲಂತಲ್ಲೋ. ಅಮಾಸಿಗಂತ.”

ಕಂಪ್ಲಿಯ ಗಿರಣಿಗಳು ಭಾನುವಾರ ನಿಲ್ಲುವುದಿಲ್ಲ. ಅಮಾವಾಸ್ಯೆಯ ದಿನ ನಿಲ್ಲುತ್ತವೆ. ಅಂದು ಯಂತ್ರ ತೊಳೆದು, ವಿಭೂತಿ ಬಳಿದು, ಕಾಯಿ ಒಡೆದು ಬಾಗಿಲು ಹಾಕುತ್ತಾರೆ. ಸುತ್ತಲ ಓಣಿಯ ಹೆಂಗಸರಿಗೆ ಅದೇ ಹಿತ, ಮನೆಯ ಪೂಜೆಗೆ ಆಗುತ್ತದೆ. ಸೋಮವಾರದ ಸಭೆಯಲ್ಲಿ ನಾನು ವಿಷಯ ಎತ್ತಿದೆ.

“ಕಂಪ್ಲಿಯವರನ್ನ ರಜಾ ಐತೇನು ಅಂತ ಕೇಳಿದ್ವಿ, ಐತಿ ಅಂದ್ರು. ಇನ್ನೇನು ಕೇಳಾದಿತ್ತು?” ಎಂದರು ಸಂಡೂರಿನವರು.

“ರಜಾ ಅಂದ್ರ ಐತಾರ ಅಲ್ಲೇನ್ರಿ?” ಎಂದರು ಒಕ್ಕೂಟ ನಡೆಸುತ್ತಿದ್ದ ಹೊಸಪೇಟೆಯ ಮೇಡಂ.

ಕಂಪ್ಲಿಯ ಹಿರಿಯರು ಚಹದ ಲೋಟ ಕೆಳಗಿಟ್ಟರು. “ಗಿರಣಿಗೆ ಅಮಾಸಿ ರಜಾ ಅಂತ ಬಾಯಿಬಿಟ್ಟು ಹೇಳಬೇಕಾ? ಹಂಗಾದ್ರ ಹೊಳಿಯಾಗ ನೀರು ಹರೀತದ ಅಂತನೂ ಬರೆದು ಕೊಡ್ಲೇನು ನಿಮಗ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮೇಡಂ, “ಆರು ತಿಂಗಳು ತಡಕೋ ಅಂತ ಹೇಳ್ರಿ ಆಕಿಗೆ,” ಎಂದರು. ಅವರದು ಕಟುಕ ಮನಸ್ಸಲ್ಲ. ಅದಿರಿನ ಧೂಳಿನಿಂದ ಒಬ್ಬಳು ಹೊರಗೆ ಬಂದಿದ್ದಾಳೆ, ಮತ್ತೆ ಅಲ್ಲಿಗೆ ಹೋಗಬಾರದು ಎಂಬುದೇ ಅವರ ಚಿಂತೆ.

ಭಾನುವಾರ ಅವಳನ್ನು ಬಿಡುವಿರಾ ಎಂದು ಗಿರಣಿಯ ಸಾಹುಕಾರರನ್ನು ಕೇಳಿದೆ. ಅವರು ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟು, “ಬಿಡ್ತೀನಪ್ಪಾ. ಶನಿವಾರ ಬೇಯಿಸಿದ ಭತ್ತ ಐತಾರ ಯಾರು ಹರವತಾರ? ನೀ ಬರ್ತೀಯೇನು? ಬಾ, ನಿನಗೂ ಒಂದು ಸಾಲು ಕೊಡ್ತೀನಿ,” ಎಂದರು. ಒಬ್ಬಳು ತಪ್ಪಿಸಿದರೆ ಅವಳ ಸಾಲು ಉಳಿದ ಹೆಂಗಸರ ಮೇಲೆ ಬೀಳುತ್ತಿತ್ತು. ಅದೂ ನಿಜ. ಅಮಾವಾಸ್ಯೆಯ ದಿನ ಅವಳನ್ನು ಒಳಗೆ ಬಿಡುವಿರಾ ಎಂದು ವಸತಿ ಶಾಲೆಯ ವಾರ್ಡನ್ ಅಮ್ಮನವರನ್ನು ಕೇಳಿದೆ. ಹಿಂದೊಮ್ಮೆ ನಡುವಾರದಲ್ಲಿ ಬಂದ ಸಂಬಂಧಿಕನೊಬ್ಬ, ಊರಿಗೆ ಎಂದು ಹೇಳಿ ಹುಡುಗನೊಬ್ಬನನ್ನು ಕರೆದೊಯ್ದು ಅದಿರಿಗೆ ಹಚ್ಚಿದ್ದನಂತೆ. ಅಂದಿನಿಂದ ಗೇಟು ತೆರೆಯುವುದು ಭಾನುವಾರ ಮಾತ್ರ. “ನಿಮ್ಮ ಸಂಸ್ಥೆ ಪತ್ರ ಇದ್ರ ನೀವು ಬರ್ರಿ. ವಾರದ ನಡುವ ಹೆತ್ತವರು ಬ್ಯಾಡ. ಒಬ್ಬರಿಗೆ ಬಿಟ್ರ ಎಲ್ಲಾರಿಗೂ ಬಿಡಬೇಕಾಕೈತಿ.”

ಕೋಣೆಗೆ ಬಂದು ಗೋಡೆಯ ಕ್ಯಾಲೆಂಡರ್ ಇಳಿಸಿ ಹಾಸಿಗೆಯ ಮೇಲೆ ಹರಡಿದೆ. ಅಮಾವಾಸ್ಯೆಗಳಿಗೆಲ್ಲ ಪೆನ್ಸಿಲ್ಲಿನಿಂದ ಸುತ್ತು ಹಾಕಿದೆ. ಮಂಗಳವಾರ, ಬುಧವಾರ, ಶುಕ್ರವಾರ. ಆ ಆರು ತಿಂಗಳಲ್ಲಿ ಭಾನುವಾರಕ್ಕೆ ಬಿದ್ದ ಅಮಾವಾಸ್ಯೆ ಒಂದೇ ಒಂದು, ಅದೂ ಐದನೆಯ ತಿಂಗಳಲ್ಲಿ.

ಹೀಗೆ ಭಾನುವಾರಗಳಲ್ಲಿ ಅವಳ ಬದಲು ನಾನು ಮಗಳನ್ನು ನೋಡಲು ಹೋಗತೊಡಗಿದೆ. ನನ್ನ ಅವ್ವ ತೀರಿಕೊಂಡ ಮೇಲೆ ಭಾನುವಾರವೆಂದರೆ ನನಗೆ ಬಟ್ಟೆ ಒಗೆಯುವ ದಿನವಾಗಿತ್ತು, ಅಷ್ಟೇ. ಶನಿವಾರ ಕಂಪ್ಲಿಗೆ ಹೋದಾಗ ಅವಳು ಏನಾದರೂ ಕಟ್ಟಿಕೊಡುತ್ತಿದ್ದಳು: ಒಗ್ಗರಣೆ ಹಾಕಿದ ಮಂಡಕ್ಕಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಮರುದಿನ ಮಧ್ಯಾಹ್ನ ಅದು ಡ್ಯಾಮಿನ ಶಾಲೆಯ ಬೇವಿನ ಮರದ ಕೆಳಗೆ ಬಿಚ್ಚಿಕೊಳ್ಳುತ್ತಿತ್ತು.

ಮೊದಲ ಭಾನುವಾರ ಹುಡುಗಿ ನನ್ನನ್ನು ನೋಡಲೇ ಇಲ್ಲ. ನನ್ನ ಹಿಂದೆ, ಗೇಟಿನತ್ತ ನೋಡುತ್ತಿದ್ದಳು. “ಅವ್ವ ಬರಲಿಲ್ಲಮ್ಮಾ,” ಎಂದೆ. “ಹಿಂದ ಬರಾಕ ಹತ್ಯಾಳ,” ಎಂದಳು. ರೊಟ್ಟಿ ತಿನ್ನುತ್ತಲೂ ಅತ್ತಲೇ ನೋಡುತ್ತಿದ್ದಳು. ಯಾರದೋ ತಾಯಿ ಒಳಗೆ ಬಂದರೆ ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು.

ಮುಂದಿನ ಶನಿವಾರ ಅಮ್ಮನ ಪ್ರಶ್ನೆಗಳು ಶುರುವಾದವು. ತಲೆಗೆ ಎಣ್ಣೆ ಹಚ್ಚ್ಯಾರೇನು? ಕೆಮ್ಮು ಹೋತೇನು? “ಎಷ್ಟು ಎತ್ತರ ಆಗ್ಯಾಳ?” ನಾನು ನನ್ನ ಎದೆಯ ಕೆಳಗೆ ಕೈ ಇಟ್ಟು ತೋರಿಸಿದೆ. ಅವಳು ತನ್ನ ಮೈಮೇಲೂ ಅಲ್ಲಿಯೇ ಕೈ ಇಟ್ಟುಕೊಂಡಳು. ನಾನು ಅವಳಿಗಿಂತ ಗೇಣುದ್ದ ಎತ್ತರ. “ಅಕ್ಕಾ, ನಿನಗಾದ್ರ ಇನ್ನೂ ಮ್ಯಾಲೆ,” ಎಂದು ನೆನಪಿಸಿದೆ. ಕೈ ಮೆಲ್ಲಗೆ ಮೇಲೇರಿ ಹೆಗಲಿನ ಹತ್ತಿರ ನಿಂತಿತು. ಅವಳು ಕೈ ತೆಗೆಯಲಿಲ್ಲ. ಜೊತೆಯವಳೊಬ್ಬಳು, “ಏನಲೇ, ಹೆಗಲಮ್ಯಾಲೆ ಗಿಳಿ ಕುಂತೈತೇನು?” ಎಂದು ಛೇಡಿಸಿದ ಮೇಲೆ ಭತ್ತಕ್ಕೆ ತಿರುಗಿದಳು.

ಮಳೆಗಾಲ ಬಂತು. ಭತ್ತ ಬಯಲಿನಿಂದ ಛಾವಣಿಯ ಕೆಳಗೆ, ಅಲ್ಲಿಂದ ಮತ್ತೆ ಬಯಲಿಗೆ ಓಡಾಡಿತು. ಹುಡುಗಿ ನನ್ನನ್ನು ಮಾಮಾ ಎನ್ನತೊಡಗಿದಳು. ಮಗ್ಗಿ ಒಪ್ಪಿಸಿದಳು, ಗೆಳತಿಯ ಮೇಲೆ ಚಾಡಿ ಹೇಳಿದಳು. ನನಗೆ ಆ ಮಧ್ಯಾಹ್ನಗಳು ಎಷ್ಟು ರೂಢಿಯಾದವೆಂದರೆ ಶುಕ್ರವಾರದಿಂದಲೇ ಕಾಯುತ್ತಿದ್ದೆ. ಆಗ ಗಮನಿಸದ ಒಂದು ಸಂಗತಿ ಈಗ ಡೈರಿ ತಿರುವಿದಾಗ ಕಾಣುತ್ತದೆ: ಮೊದಲ ತಿಂಗಳ ಪುಟಗಳಲ್ಲೆಲ್ಲ ‘ಗೇಟಿನತ್ತ ನೋಡಿದಳು’ ಎಂದು ಇದೆ. ಮೂರನೆಯ ತಿಂಗಳಿನಿಂದ ಆ ಮಾತೇ ಇಲ್ಲ.

ಕೊನೆಗೆ ಭಾನುವಾರದ ಅಮಾವಾಸ್ಯೆ ಬಂತು. ಮುಂಜಾನೆಯೇ ಕಂಪ್ಲಿಗೆ ಹೋಗಿ ಅವಳನ್ನು ಕರೆದುಕೊಂಡೆ. ತಲೆಗೆ ಸ್ನಾನ ಮಾಡಿ, ಮಡಿಕೆ ಬಿಚ್ಚಿದ ನೀಲಿ ಸೀರೆ ಉಟ್ಟಿದ್ದಳು. ಹೊಸಪೇಟೆಯ ಬಸ್ಸಿನಲ್ಲಿ ಕಮಲಾಪುರದವರೆಗೂ ಒಂದೇ ಸಮನೆ ಮಾತಾಡಿದಳು. ಅಲ್ಲಿಂದ ಮುಂದೆ ಮಡಿಲಲ್ಲಿದ್ದ ಬುತ್ತಿಯ ಗಂಟನ್ನು ಬಿಚ್ಚಿ ಬಿಚ್ಚಿ ಕಟ್ಟಿದಳು. ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಡ್ಯಾಮಿನಲ್ಲಿ ಇಳಿದಾಗ ಗಂಟನ್ನು ನಾನು ಹಿಡಿಯಹೋದರೆ ಕೊಡಲಿಲ್ಲ.

ಹುಡುಗಿ ಮರದ ಕೆಳಗೆ ಕಾಯುತ್ತಿದ್ದಳು. “ಮಾಮಾ!” ಎಂದು ಓಡಿಬಂದು ನನ್ನ ಕೈ ಹಿಡಿದಳು. ಹಿಡಿದ ಮೇಲೆ ಪಕ್ಕದಲ್ಲಿದ್ದವಳನ್ನು ನೋಡಿದಳು. ಒಮ್ಮೆಲೇ ನಾಚಿಕೊಂಡು ನನ್ನ ಹಿಂದೆ ಸರಿದಳು.

“ಯಾಕಲೇ ನನ ಕೂಸ? ನಾನಽ,” ಎಂದಳು ಅಮ್ಮ.

“ಗೊತ್ತೈತಿ,” ಎಂದಿತು ನನ್ನ ಬೆನ್ನ ಹಿಂದಿನ ಧ್ವನಿ. ಆದರೆ ಹೊರಗೆ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. ಅಮ್ಮ ಜಡೆ ಬಿಚ್ಚಿ ಹೆಣೆದಳು, ಹೋಳಿಗೆ ತಿನ್ನಿಸಿದಳು. ನಾನು ದೂರ ಹೋಗಿ ಕಾಲುವೆಯ ಕಡೆ ನಿಂತೆ. ಗಂಟೆ ಬಾರಿಸಿದಾಗ ಮಗು ಅಮ್ಮನ ಸೆರಗು ಹಿಡಿದು ಅತ್ತಿತು. ಅಮ್ಮನಿಗೆ ಆ ಅಳು ಎಷ್ಟು ಬೇಕಾಗಿತ್ತೆಂಬುದು ಅವಳ ಮುಖ ನೋಡಿದವರಿಗೇ ತಿಳಿಯುತ್ತಿತ್ತು.

ಮರಳುವ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

“ತಮ್ಮಾ, ಇನ್ಮ್ಯಾಲೆ ನೀ ಹೋಗಬ್ಯಾಡಪ್ಪ ಅಲ್ಲಿಗೆ.”

“ಯಾಕಕ್ಕಾ?”

“ನೀ ಹೋದ್ರ ಆಕಿ ನನ್ನ ದಾರಿ ನೋಡಾದಿಲ್ಲ.” ನನ್ನತ್ತ ತಿರುಗಿದಳು. “ನೀ ಭಾಳ ಮಾಡೀದಿ. ಸಿಟ್ಟಾಗಬ್ಯಾಡ. ಆಕಿ ದಾರಿ ನೋಡ್ಲಿ. ನಾ ಜಲ್ದಿ ಬರ್ತೀನಿ.”

“ಇನ್ನೊಂದು ತಿಂಗಳು ಐತಕ್ಕಾ, ಅಷ್ಟ.”

“ಅದು ನಿಮ್ಮ ಲೆಕ್ಕದ ತಿಂಗಳು,” ಎಂದಳು. ಬೇಸರದಿಂದಲ್ಲ, ನನ್ನ ತಪ್ಪು ತಿದ್ದುವವಳಂತೆ.

ಆ ವಾರವೇ ಅವಳು ಗಿರಣಿ ಬಿಟ್ಟಳು. ಮುಂದಿನ ಶನಿವಾರ ಹೋದಾಗ ಅವಳ ಸಾಲಿನಲ್ಲಿ ಬೇರೊಬ್ಬಳು ನಡೆಯುತ್ತಿದ್ದಳು. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಎರಡು ಮನೆಗಳ ಪಾತ್ರೆ, ಬಟ್ಟೆ ಹಿಡಿದಿದ್ದಾಳೆಂದು ಜೊತೆಯವಳು ಹೇಳಿದಳು. “ಐತಾರ ಮಧ್ಯಾಹ್ನ ಮಾತ್ರ ಬರಾಂಗಿಲ್ಲ ಅಂತ ಮೊದಲ ಮಾತಾಡಿ ಹಿಡದಾಳಂತ, ಗಟ್ಟಿಗಿತ್ತಿ!”

ಮನೆಗೆಲಸಕ್ಕೆ ನೇಮಕದ ಪತ್ರ ಇರುವುದಿಲ್ಲ. ಹಾಗಾಗಿ ಒಕ್ಕೂಟದ ಲೆಕ್ಕದಲ್ಲಿ ಅವಳು ಕೆಲಸ ಬಿಟ್ಟವಳು. ಬಿಟ್ಟ ಕಾರಣ ಗುರುತಿಸಲು ನಮೂನೆಯಲ್ಲಿ ಕಡಿಮೆ ಪಗಾರ, ಕಾಯಿಲೆ, ಮದುವೆ, ಗುಳೆ, ಇತರೆ ಎಂದು ಚೌಕಗಳಿದ್ದವು. ನಾನು ‘ಇತರೆ’ಗೆ ಗುರುತು ಹಾಕಿದೆ. ಮೇಡಂ ನಿಟ್ಟುಸಿರಿಟ್ಟು, “ಒಂದು ತಿಂಗಳು ಇದ್ದಿದ್ರ ಆಗ್ತಿತ್ತಲ್ಲಪ್ಪಾ,” ಎಂದರು. ಬಯ್ಯಲಿಲ್ಲ.

ಅವಳು ಹೇಳಿದಂತೆ ನಾನು ಮತ್ತೆ ಆ ಶಾಲೆಗೆ ಹೋಗಲಿಲ್ಲ. ಈಗಲೂ ಭಾನುವಾರ ಬಟ್ಟೆ ಒಗೆದು ಒಣಹಾಕಿದ ಮೇಲೆ, ಊಟಕ್ಕೆಂದು ಬಸ್‌ಸ್ಟ್ಯಾಂಡಿನ ಕಡೆ ಹೋಗುತ್ತೇನೆ. ಆ ಹೊತ್ತಿಗೆ ಸರಿಯಾಗಿ ಕಂಡಕ್ಟರ್ “ಡ್ಯಾಂ, ಡ್ಯಾಂ, ಡ್ಯಾಂ” ಎಂದು ಕೂಗುತ್ತಿರುತ್ತಾನೆ. ನನ್ನನ್ನು ಅವನು ಬಲ್ಲ. ಬಾಗಿಲಲ್ಲಿ ನಿಂತು, “ಬರ್ರಿ ಸರ್, ಸೀಟು ಖಾಲಿ ಅದಾವ,” ಎನ್ನುತ್ತಾನೆ. ನಾನು ಬೇಡವೆಂದು ತಲೆಯಾಡಿಸುತ್ತೇನೆ. ಬಸ್ಸು ಹೊರಡುತ್ತದೆ. ಅದು ತಿರುವಿನಲ್ಲಿ ಮರೆಯಾಗುವವರೆಗೆ ಅಲ್ಲಿಯೇ ನಿಂತಿದ್ದು, ಆಮೇಲೆ ಊಟಕ್ಕೆ ಹೋಗುತ್ತೇನೆ.