ಮಾಹಿತಿಗಾಗಿ ಏಳು ಪ್ರತಿ

ಅರವತ್ತರ ದಶಕದ ಕೊನೆಯಲ್ಲಿ ನಾನು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಮೈಸೂರಿನಿಂದ ವರ್ಗವಾಗಿ ಬಂದ ನನಗೆ ಈಜು ಬಾರದು, ಮಲಯಾಳಂ ಅರೆಬರೆ. ಆದರೆ ಇಂಗ್ಲಿಷಿನಲ್ಲಿ ಕಾಗದ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದೆ. ಹಾಗೆ ನಂಬಿದ್ದವನು ನಾನೊಬ್ಬನೇ.

ವೈಟ್ಟಿಲದ ಒಳಗೆ, ಕಾಲುವೆಯ ಆಚೆ ದಡದಲ್ಲಿ ನಮ್ಮ ಬಾಡಿಗೆ ಮನೆ. ಕಾಲುವೆಯಲ್ಲಿ ಹೂಳು ತುಂಬಿ ದೋಣಿ ಬರುತ್ತಿರಲಿಲ್ಲ. ರಸ್ತೆಗೆ ಬರಬೇಕಾದರೆ ಅಡ್ಡ ಹಾಕಿದ್ದ ಒಂಟಿ ತೆಂಗಿನ ಮರವೇ ಗತಿ. ಅಲ್ಲಿಯವರು ತಲೆಯ ಮೇಲೆ ಹೊರೆ ಹೊತ್ತು ಹರಟುತ್ತ ಅದನ್ನು ದಾಟುತ್ತಿದ್ದರು. ನಾನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಅಡ್ಡಡ್ಡ ಹೆಜ್ಜೆಯಿಡುತ್ತ, ಗೊತ್ತಿದ್ದ ದೇವರನ್ನೆಲ್ಲ ಕರೆಯುತ್ತ ದಾಟುತ್ತಿದ್ದೆ.

ಪಕ್ಕದ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬರಿದ್ದರು. ನಾವು ಅವರನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆವು. ಅಳಿಯ ದೂರದೂರಿನಲ್ಲಿ ಕೆಲಸದಲ್ಲಿದ್ದುದರಿಂದ ಅವರ ಒಬ್ಬಳೇ ಮಗಳು ಐದನೇ ತಿಂಗಳಿಗೇ ಬಾಣಂತನಕ್ಕೆ ಬಂದಿದ್ದಳು. ಒಂದು ಭಾನುವಾರ ಚೇಚಿ ನಮ್ಮ ಜಗಲಿಯಲ್ಲಿ ಕುಳಿತು, "ಸಾರೆ, ಪಾಲಂ ವೇಣಂ" ಎಂದರು. ಸೇತುವೆ ಬೇಕಾಗಿತ್ತು. ನೋವು ಬಂದ ಹುಡುಗಿಯನ್ನು ಆ ಮರದ ಮೇಲೆ ಆಸ್ಪತ್ರೆಗೆ ದಾಟಿಸುವುದು ಹೇಗೆಂಬುದೇ ಅವರ ಚಿಂತೆ. ನಮ್ಮ ಎಮ್ಮೆಲ್ಲೆಗೆ ಒಂದು ಕಾಗದ ಬರೆದುಕೊಡಿ ಎಂದು ಕೇಳಿಕೊಂಡರು.

ನಾನು ನಾಲ್ಕು ಪುಟ ಟೈಪು ಮಾಡಿದೆ. ಕೊಚ್ಚಿಯ ಜಲಮಾರ್ಗಗಳ ಪ್ರಾಮುಖ್ಯದಿಂದ ಶುರುಮಾಡಿ, ಗ್ರಾಮಾಂತರ ಸಂಪರ್ಕದ ಕೊರತೆಗೆ ಇಳಿದು, 'ಸೂಕ್ತ ಕ್ರಮ ಜರುಗಿಸಲು ಕೋರಿದೆ' ಎಂಬಲ್ಲಿಗೆ ಮುಗಿಸಿದೆ. ಹೆಂಡತಿಗೆ ಕನ್ನಡದಲ್ಲಿ ಅರ್ಥ ಹೇಳಿ, ಮೆಚ್ಚುಗೆಗಾಗಿ ಕಾದೆ.

"ಎಲ್ಲಾ ಸರಿ ಕಣ್ರೀ. ಆ ಹುಡುಗಿ ಬಸುರಿ ಅನ್ನೋದು ಇದ್ರಲ್ಲಿ ಎಲ್ಲಿದೆ?"

"ಅದು ಮನೆ ವಿಷಯ ಕಣೆ. ಅರ್ಜೀಲಿ ಅದೆಲ್ಲ ಬರಕೂಡದು."

ಅವಳು ಅಕ್ಕಿ ಆರಿಸಲು ಹೋದಳು.

ನನ್ನ ಜಾಣತನ ಅಷ್ಟಕ್ಕೇ ಮುಗಿಯಲಿಲ್ಲ. ಮೂಲ ಕಾಗದ ಮಂತ್ರಿಗೆ. ಅದರ ಕೆಳಗೆ, ನಮ್ಮ ಕಚೇರಿಯ ಪದ್ಧತಿಯಂತೆ, 'ಮಾಹಿತಿಗಾಗಿ ಪ್ರತಿ' ಎಂದು ಬರೆದು ಏಳು ಜನರನ್ನು ದರ್ಜೆಯ ಪ್ರಕಾರ ಇಳಿಸಿದೆ. ಕಾರ್ಯದರ್ಶಿ, ಕಲೆಕ್ಟರು, ಇಂಜಿನಿಯರು, ಹೀಗೆ ಇಳಿಯುತ್ತ ನಮ್ಮ ಎಮ್ಮೆಲ್ಲೆ ಏಳನೆಯವರಾದರು. ಏಳನೆಯ ಕಾರ್ಬನ್ ಪ್ರತಿಯಲ್ಲಿ ಅಕ್ಷರಗಳು ಇವೆಯೆಂದು ಟೈಪು ಮಾಡಿದವನಿಗಷ್ಟೇ ಗೊತ್ತಾಗುತ್ತಿತ್ತು.

ಏಳು ವಾರ ಕಾದೆವು. ಬಂದದ್ದು ಎರಡು ಉತ್ತರ. ಒಂದು, ಪ್ರತಿ ತಲುಪಿದೆ ಎಂದು. ಇನ್ನೊಂದು, ಮೂಲ ಬೇರೆಯವರಿಗೆ ಹೋಗಿರುವುದರಿಂದ ಇಲ್ಲಿ ಕ್ರಮದ ಅಗತ್ಯವಿಲ್ಲ ಎಂದು. ನನಗೆ ಕೋಪ ಬಂತು. ಮರುಗಳಿಗೆಯೇ ನನ್ನ ಮೇಜು ನೆನಪಾಯಿತು. ಮಾಹಿತಿಗಾಗಿ ಬಂದ ಪ್ರತಿಗಳನ್ನು ಓದದೆ ಫೈಲಿಗೆ ಸೇರಿಸುವುದರಲ್ಲಿ ನನಗೆ ಹತ್ತು ವರ್ಷದ ಅನುಭವವಿತ್ತು.

ಕೊನೆಗೆ ಚೇಚಿಯೇ ತಿರುವನಂತಪುರಕ್ಕೆ ಹೊರಟರು. ಇಂಗ್ಲಿಷಿಗೆ ಬೇಕಾಗಬಹುದೆಂದು ನಾನೂ ರಜೆ ಹಾಕಿ ಬೆಳಗಿನ ಬಸ್ಸು ಹತ್ತಿದೆ. ಶಾಸಕರ ಹಾಸ್ಟೆಲಿನಲ್ಲಿ ಎಮ್ಮೆಲ್ಲೆ ಬನಿಯನ್ನಿನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಕಾಗದದ ತಾರೀಕು ಹೇಳಿ, ಅದರ ಸಾರಾಂಶಕ್ಕೆ ಕೈಹಾಕಿದೆ. ಜಲಮಾರ್ಗಗಳನ್ನು ದಾಟುವ ಮೊದಲೇ ಅವರು ಚೇಚಿಯತ್ತ ತಿರುಗಿ, ಏನು ಬೇಕಮ್ಮ ಎಂದು ಕೇಳಿದರು.

ಚೇಚಿ ಮಲಯಾಳಂನಲ್ಲಿ ಹೇಳಿದ್ದು ಇಷ್ಟು: "ಮಗಳಿಗೆ ಏಳು ತಿಂಗಳು ತುಂಬಿತು. ಆಸ್ಪತ್ರೆಗೆ ಹೋಗಬೇಕಾದರೆ ತೆಂಗಿನ ಮರದ ಮೇಲೆ ದಾಟಬೇಕು. ಎರಡು ತಿಂಗಳೊಳಗೆ ಸೇತುವೆ ಬೇಕು."

ಅವರು ಅಲ್ಲೇ ಬರೆದುಕೊಂಡರು. ನನ್ನ ಪ್ರತಿಯನ್ನು ಹುಡುಕಿ ತೆಗೆದು, ಬೆಳಕಿಗೆ ಹಿಡಿದು ನೋಡಿ, "ಇದು ಮಂತ್ರಿಗೆ ಬರೆದದ್ದಲ್ಲವೇ ಸಾರೆ? ಅಲ್ಲಿ ನಡೆಯುತ್ತಿದೆ ಅಂದುಕೊಂಡೆ. ಮಗುವಿನ ವಿಷಯ ಗೊತ್ತೇ ಇರಲಿಲ್ಲ" ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನಾನು ಸ್ವಲ್ಪ ಹಗುರಾಗುತ್ತಿದ್ದೆ.

ಐದು ವಾರದಲ್ಲಿ ಕಾಲುವೆಯಲ್ಲಿ ಕಂಬಗಳೆದ್ದವು. ಮುಂದಿನ ಸೋಮವಾರ ಹಲಗೆ ಬರುತ್ತದೆ ಎಂದರು. ಹುಡುಗಿಗೆ ನೋವು ಬಂದದ್ದು ಶುಕ್ರವಾರ ಬೆಳಿಗ್ಗೆ, ಲೆಕ್ಕಕ್ಕಿಂತ ಎರಡು ವಾರ ಮೊದಲು.

ಮುಂದೆ ಚೇಚಿ ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಮಗಳ ಎರಡೂ ಕೈ ಹಿಡಿದಿದ್ದರು. ಹಿಂದಿನಿಂದ ನನ್ನ ಹೆಂಡತಿ ಅವಳ ಸೊಂಟ ಹಿಡಿದಿದ್ದಳು. ನಾನು ದಡದಲ್ಲಿ ಕೊಡೆ ಹಿಡಿದು ನಿಂತಿದ್ದೆ. ನಟ್ಟನಡುವೆ ನೋವು ಹೆಚ್ಚಾಗಿ ಹುಡುಗಿ ನಿಂತುಬಿಟ್ಟಳು. ಪಕ್ಕದಲ್ಲೇ, ಕೈಗೆಟಕುವಷ್ಟು ದೂರದಲ್ಲಿ, ಹಲಗೆಯಿಲ್ಲದ ಹೊಸ ಕಂಬಗಳು. ನಾನು ಹಾಳುಮಾಡಿದ ಏಳು ವಾರದಲ್ಲಿ ಒಂದೇ ಒಂದು ವಾರ ಉಳಿದಿದ್ದರೂ ಅವಳು ಹಲಗೆಯ ಮೇಲೆ ನಡೆಯುತ್ತಿದ್ದಳು. ಅಷ್ಟು ನಾಚಿಕೆ, ಅಷ್ಟು ಭಯ ನನಗೆ ಮತ್ತೆಂದೂ ಆಗಿಲ್ಲ.

ನೋವು ಇಳಿಯಿತು, ಅವಳು ದಾಟಿದಳು. ಸಂಜೆಗೆ ಹೆಣ್ಣುಮಗು. ತಾಯಿ ಮಗು ಇಬ್ಬರೂ ಕ್ಷೇಮ.

ಮಗುವನ್ನು ಹೊಸ ಸೇತುವೆಯ ಮೇಲೆ ಮನೆಗೆ ತಂದ ದಿನ ಚೇಚಿ ನೆರೆದವರಿಗೆಲ್ಲ ನನ್ನನ್ನು ತೋರಿಸಿ, "ಈ ಸಾರ್ ಬರೆದುಕೊಟ್ಟಿದ್ದರಿಂದ ಪಾಲಂ ಬಂತು" ಎಂದರು. ಮರುದಿನದಿಂದ ನಮ್ಮ ಜಗಲಿಗೆ ಜನ ಬರತೊಡಗಿದರು. ಏನು ಬೇಕು, ಯಾರಿಗೆ, ಯಾವಾಗಿನೊಳಗೆ ಎಂದು ಕೇಳಿ, ಒಂದು ಕಾರ್ಡಿನಲ್ಲಿ ಒಬ್ಬರಿಗೇ ಬರೆದುಕೊಡುತ್ತಿದ್ದೆ. ನನ್ನ ಕಾಗದದಿಂದ ಸೇತುವೆ ತಡವಾಯಿತೆಂಬ ನಿಜವನ್ನು ಚೇಚಿಗೆ ಹೇಳಬೇಕೆಂದು ಎಷ್ಟೋ ಸಲ ಅವರ ಬಾಗಿಲವರೆಗೆ ಹೋಗಿದ್ದೇನೆ. ಅವರು ಮಗುವನ್ನು ನನ್ನ ಕೈಗೆ ಕೊಡುತ್ತಿದ್ದರು, ನಾನು ಆಡಿಸಿ ವಾಪಸು ಬರುತ್ತಿದ್ದೆ.