ಅಂಡಮಾನಿನ ಮೀನು ತುಂಡು

“ಹ್ವಾಯ್, ಇದ್ ಇವತ್ತಿನ್ ಮೀನಲ್ಲ ಕಾಣಿ. ವಾಸ್ನಿ ಬತ್ತಾ ಇತ್ತ್!”

ಅಂಡಮಾನಿನ ರೆಸಾರ್ಟ್ ಒಂದರಲ್ಲಿ ಊಟಕ್ಕೆ ಕುಳಿತಿದ್ದೆವು. ಹುರಿದ ಅಂಜಲ್ ಮೀನಿನ ತುಂಡನ್ನು ಬಾಯಿಯ ಹತ್ತಿರ ತಂದ ನನ್ನ ಹೆಂಡತಿ, ಅದನ್ನು ಹಾಗೇ ತಟ್ಟೆಗೆ ಹಾಕಿ ಮೂಗು ಸಿಂಡರಿಸಿದಳು. ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

“ಎಂತ? ಇನ್ನೊಂದ್ಸಲ ಹೇಳ್ ಕಾಂಬ!”

ಅವಳು ಬೈಂದೂರು ಪೇಟೆಯಲ್ಲಿ ಮೀನು ಮಾರುವವಳು. ಅವಳು ಮೂಸಿ ಕೊಟ್ಟ ಮೀನನ್ನು ಪಕ್ಕದೂರು ಯಡ್ತರೆಯವರು ಎರಡನೇ ಮಾತಿಲ್ಲದೆ ಒಯ್ಯುತ್ತಿದ್ದರು. ಅವಳಿಗೆ ಕೊರೊನಾ ಬಂದು ಹೋದ ಮೇಲೆ ಆ ಮೂಗಿಗೆ ಏನೂ ತಿಳಿಯದಾಯಿತು. ನಾಲ್ಕು ತಿಂಗಳು ಪಕ್ಕದ ಬುಟ್ಟಿಯವಳ ಕೈಯಲ್ಲಿ ಮೀನು ಮೂಸಿಸಿಕೊಂಡು, ತಲೆ ತಗ್ಗಿಸಿ ವ್ಯಾಪಾರ ಮಾಡಿದಳು. ಅವಳ ಮನಸ್ಸು ಹಗುರಾಗಲೆಂದು, ಮೂಗಿಗೆ ಕಡ್ಡಿ ಹಾಕಿಸಿ ಪ್ರಯಾಣಕ್ಕೆ ಬೇಕಾದ ಕೊರೊನಾ ಪರೀಕ್ಷೆ ಮಾಡಿಸಿಕೊಂಡು, ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಮೊದಲ ಸಲ ಇಬ್ಬರೇ ಹೊರಟಿದ್ದೆವು.

ನಮ್ಮ ಗಲಾಟೆ ಕೇಳಿ ಬಡಿಸುವವನು ಮಾಸ್ಕ್ ಸರಿಮಾಡಿಕೊಳ್ಳುತ್ತಾ ಓಡಿ ಬಂದ. ಹಿಂದಿಯಲ್ಲಿ ಕ್ಷಮೆ ಕೇಳಿ ತಟ್ಟೆ ಎತ್ತಲು ಹೋದ. ನಾನು ಬಿಡಲಿಲ್ಲ, ಅಂತರ ಗಿಂತರ ಎಲ್ಲ ಮರೆತು ಅವನ ಕೈ ಕುಲುಕಿದೆ. ಮೀನು ಹಳತೆಂದು ಇಷ್ಟು ಖುಷಿಪಟ್ಟವರನ್ನು ಅವನು ಕಂಡಿರಲಿಕ್ಕಿಲ್ಲ. ಅಷ್ಟರಲ್ಲಿ ಅವಳು ನಿಂಬೆಹೋಳು, ಉಪ್ಪಿನಕಾಯಿ, ಕೊನೆಗೆ ನನ್ನ ತೋಳನ್ನೂ ಮೂಸಿ, “ನಿಮ್ಮ್ ಅಂಗಿಯೂ ಇವತ್ತಿಂದಲ್ಲ!” ಎಂದು ನಕ್ಕಳು. ಕಣ್ಣು ತುಂಬಿತ್ತು.

ಆಗ ತೆಗೆದ ಫೋಟೊ ಈಗ ನಮ್ಮ ಗೋಡೆಯಲ್ಲಿದೆ. ಮಾಸ್ಕ್ ಗಲ್ಲಕ್ಕಿಳಿಸಿ, ಮೂಗು ಸಿಂಡರಿಸಿ ನಗುತ್ತಿದ್ದಾಳೆ. ಹಿಂದೆ ಸಮುದ್ರ ಎಷ್ಟು ನೀಲಿ ಎಂದು ಬಂದವರೆಲ್ಲ ಹೇಳುತ್ತಾರೆ. ನಾನಿನ್ನೂ ಅದನ್ನು ಸರಿಯಾಗಿ ನೋಡಿಲ್ಲ.